ನಿಂತ ಗಾಡಿಗೆ ಮಟ್ಟ ಯಾಕೆ ಬೇಕು? ಮೋಟರ್‌ಹೋಮ್, ಫ್ರಿಜ್ ಮತ್ತು ಒಂದು ಗುಳ್ಳೆಯ ಇತಿಹಾಸ

ಈ ಸಲ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮೋಟರ್‌ಹೋಮ್, ಅಂದ್ರೆ ಒಳಗೇ ಹಾಸಿಗೆ, ಒಲೆ, ಸಿಂಕ್, ಫ್ರಿಜ್ ಎಲ್ಲಾ ಇರುವ ಗಾಡಿ. ನಮ್ಮಲ್ಲಿ ಬಹಳ ಜನಕ್ಕೆ ಇದು ಸಿನಿಮಾ ಸ್ಟಾರ್‌ಗಳ ಕ್ಯಾರವಾನ್ ಅಂತಲೇ ಗೊತ್ತು. ಈಗ ಪ್ರವಾಸಕ್ಕೆ ಬಾಡಿಗೆಗೂ ಸಿಗ್ತಿವೆ. ಅಮೆರಿಕ, ಯುರೋಪ್‌ನಲ್ಲಿ ಇದು ನೂರು ವರ್ಷ ದಾಟಿದ ಅಭ್ಯಾಸ. ಅಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಜನ ಮಾಡೋ ಮೊದಲ ಕೆಲಸ ಟೀ ಕಾಯಿಸೋದಲ್ಲ. ಕೆಳಗಿಳಿದು ಚಕ್ರದ ಕೆಳಗೆ ಹಲಗೆ ಇಡೋದು, ಜಾಕ್ ತಿರುಗಿಸೋದು, ಒಂದು ಪುಟ್ಟ ಗಾಜಿನ ಕೊಳವೆಯಲ್ಲಿ ಗುಳ್ಳೆ ನಡುವೆ ಬಂತಾ ಅಂತ ನೋಡೋದು. ಮಟ್ಟ ಮಾಡೋದು.

ಯಾಕೆ? ಅಂತ ಕೇಳಿದ್ರೆ ಸಾಮಾನ್ಯವಾಗಿ ಬರೋ ಉತ್ತರಗಳು ಇವು. ಓರೆಯಾಗಿ ಮಲಗಿದ್ರೆ ನಿದ್ದೆ ಬರಲ್ಲ. ಬಾಗಿಲು ತಾನೇ ತೆರೆದುಕೊಳ್ಳುತ್ತೆ. ಬಾಣಲೆಯ ಎಣ್ಣೆ ಒಂದು ಕಡೆ ಸೇರುತ್ತೆ. ಸ್ನಾನದ ನೀರು ಮೋರಿಗೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತೆ. ಎಲ್ಲವೂ ನಿಜ, ಆದ್ರೆ ಇವೆಲ್ಲ ಕಿರಿಕಿರಿ ಅಷ್ಟೆ. ಹಳೆಯ ಅನುಭವಸ್ಥರು ಮಟ್ಟದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಇರೋಕೆ ದೊಡ್ಡ ಕಾರಣ ಬೇರೆ ಇದೆ. ಅದು ಫ್ರಿಜ್. ಆ ಫ್ರಿಜ್‌ನ ಕಥೆ, ಆ ಗುಳ್ಳೆಯ ಕಥೆ, ಗಾಡಿ ಎತ್ತೋ ಜಾಕ್‌ನ ಕಥೆ, ಮೂರನ್ನೂ ಜೋಡಿಸಿ ನೋಡಿದ್ರೆ ಒಂದು ಮಾತು ಸ್ಪಷ್ಟವಾಗುತ್ತೆ: ಮಟ್ಟ ಅನ್ನೋದು ನೆಲ ನಮಗೆ ಕೊಡೋದಲ್ಲ, ನಿಂತ ಕಡೆಯಲ್ಲೆಲ್ಲ ನಾವು ಹೊಸದಾಗಿ ಮಾಡಿಕೊಳ್ಳಬೇಕಾದದ್ದು.

ಕುದುರೆ ಎಳೆದ ಮನೆ

1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅನ್ನೋ ಸ್ಕಾಟ್‌ಲೆಂಡಿನ ವ್ಯಕ್ತಿ ಒಂದು ಗಾಡಿ ಮಾಡಿಸಿದ. ಮೊದಲು ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದವನು, ಆಮೇಲೆ ಹುಡುಗರಿಗಾಗಿ ಸಾಹಸ ಕಥೆ ಬರೆದು ಹೆಸರು ಮಾಡಿದವನು. ಬ್ರಿಸ್ಟಲ್‌ನ ಒಂದು ರೈಲು ಬೋಗಿ ಕಾರ್ಖಾನೆ ಕಟ್ಟಿಕೊಟ್ಟ ಆ ಗಾಡಿಗೆ ಅವನಿಟ್ಟ ಹೆಸರು ‘ದಿ ವಾಂಡರರ್’, ಅಲೆಮಾರಿ. ತೂಕ ಸುಮಾರು ಎರಡು ಟನ್, ಎಳೆಯೋಕೆ ಎರಡು ಕುದುರೆ. ಮೋಜಿಗಾಗಿ ಮಾಡಿಸಿದ ಮೊದಲ ಕ್ಯಾರವಾನ್ ಅಂತ ಇದನ್ನ ಹೇಳ್ತಾರೆ. ಅದಕ್ಕೂ ಮೊದಲು ಜಿಪ್ಸಿಗಳು, ಸರ್ಕಸ್ ಮತ್ತು ಜಾತ್ರೆಯವರು ಗಾಡಿಯಲ್ಲೇ ಬದುಕುತ್ತಿದ್ದರು, ಆದ್ರೆ ಅದು ಅವರ ಜೀವನ, ರಜೆ ಅಲ್ಲ. 1910ರಲ್ಲಿ ಅಮೆರಿಕದ ಪಿಯರ್ಸ್ ಆರೋ ಕಂಪನಿ ಮಡಚಿದ್ರೆ ಹಾಸಿಗೆಯಾಗುವ ಸೀಟು, ಕೈತೊಳೆಯುವ ಬೇಸಿನ್ ಇದ್ದ ಮೋಟರು ಗಾಡಿಯನ್ನ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಇಟ್ಟಿತು.

ಈ ಕಾಲದ ಗಾಡಿಗಳಲ್ಲಿ ಓರೆ ನೆಲ ಅಂದ್ರೆ ಬರೀ ಅನಾನುಕೂಲ. ದೀಪ ಓರೆಯಾಗಿ ತೂಗುತ್ತೆ, ಸಾರು ಚೆಲ್ಲುತ್ತೆ. ತಿನ್ನೋ ಪದಾರ್ಥ ತಣ್ಣಗಿಡೋಕೆ ಐಸ್ ಪೆಟ್ಟಿಗೆ. ಐಸಿಗೆ ನೆಲ ಓರೆಯಾದ್ರೇನು, ಮಟ್ಟವಾದ್ರೇನು? ಎರಡರಲ್ಲೂ ಕರಗುತ್ತೆ.

ಮೋಟರ್ ಇಲ್ಲದ ಫ್ರಿಜ್

ಹೋಟೆಲ್ ರೂಮಿನ ಮಿನಿಬಾರ್ ಫ್ರಿಜ್ ನೋಡಿರ್ತೀರಿ. ಆಫೀಸ್ ಟೂರ್‌ನಲ್ಲಿ ರಾತ್ರಿ ಎಚ್ಚರವಾಗಿದ್ದಾಗ ಕಿವಿಗೊಟ್ಟರೂ ಅನೇಕ ಮಿನಿಬಾರ್‌ಗಳಲ್ಲಿ ಸದ್ದೇ ಇರಲ್ಲ. ಮನೆ ಫ್ರಿಜ್ ಹಾಗೆ ಗುಂಯ್ ಅನ್ನಲ್ಲ. ಯಾಕಂದ್ರೆ ಅಂಥವುಗಳಲ್ಲಿ ಕಂಪ್ರೆಸರ್ ಇರಲ್ಲ. ಬಹಳಷ್ಟು ‘ಅಬ್ಸಾರ್ಪ್ಷನ್’ ಜಾತಿಯ ಫ್ರಿಜ್‌ಗಳು. ಮೋಟರ್‌ಹೋಮ್‌ಗಳಲ್ಲಿ ದಶಕಗಳ ಕಾಲ ಇದ್ದದ್ದೂ ಇವೇ.

1922ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್, ಒಂದು ಫ್ರಿಜ್ ಕಂಡುಹಿಡಿದರು. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಪಂಪ್ ಇಲ್ಲ, ವಾಲ್ವ್ ಇಲ್ಲ. ಬೇಕಾದದ್ದು ಒಂದು ಕಡೆ ಸ್ವಲ್ಪ ಬಿಸಿ. ಸೀಮೆಎಣ್ಣೆ ದೀಪವಾದರೂ ಸರಿ, ಗ್ಯಾಸ್ ಉರಿಯಾದರೂ ಸರಿ, ವಿದ್ಯುತ್ ಕಾಯಿಲ್ ಆದರೂ ಸರಿ. ಬೆಂಕಿ ಹಚ್ಚಿದ್ರೆ ತಣ್ಣಗಾಗುತ್ತೆ! 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಇದರ ಹಕ್ಕು ಕೊಂಡು ಮಾರುಕಟ್ಟೆಗೆ ತಂತು. ಅಮೋನಿಯಾ ನೀರಿನಲ್ಲಿ ಕರಗುವ ಗುಣ ಬಳಸಿ ತಣ್ಣಗೆ ಮಾಡೋ ಯಂತ್ರ ಅದಕ್ಕೂ ಮೊದಲೇ ಇತ್ತು. ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ಈ ಹುಡುಗರ ಹೊಸತನ ಇದ್ದದ್ದು ಪಂಪನ್ನೇ ತೆಗೆದುಹಾಕಿದ್ದರಲ್ಲಿ.

ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇಡೀ ಮಟ್ಟದ ಕಥೆಯ ಬೀಗದಕೈ ಇಲ್ಲೇ ಇದೆ. ಕೊಳವೆಗಳ ಒಳಗೆ ಇರೋದು ಮೂರು ವಸ್ತು: ನೀರು, ಅಮೋನಿಯಾ, ಹೈಡ್ರೋಜನ್. ಕೆಳಗಿರುವ ಬಾಯ್ಲರ್‌ನಲ್ಲಿ ಅಮೋನಿಯಾ ಬೆರೆತ ನೀರನ್ನು ಕಾಯಿಸ್ತಾರೆ. ಅಮೋನಿಯಾ ಆವಿಯ ಗುಳ್ಳೆಗಳು ತೆಳು ಕೊಳವೆಯಲ್ಲಿ ಮೇಲೇರುವಾಗ ಸ್ವಲ್ಪ ನೀರನ್ನೂ ಹೊತ್ತುಕೊಂಡು ಹೋಗುತ್ತವೆ. ಫಿಲ್ಟರ್ ಕಾಫಿ ಕುದಿಯುವಾಗ ಗುಳ್ಳೆ ನೊರೆಯನ್ನ ಮೇಲೆ ತಳ್ಳೋ ಹಾಗೆ. ಇಲ್ಲಿ ಪಂಪ್ ಅಂತಿದ್ರೆ ಅದು ಈ ಗುಳ್ಳೆಗಳೇ. ಮೇಲೆ ಹೋದ ಅಮೋನಿಯಾ ಆವಿ ತಣ್ಣಗಾಗಿ ದ್ರವವಾಗುತ್ತೆ. ಆ ದ್ರವ ತನ್ನ ತೂಕಕ್ಕೆ ತಾನೇ ಇಳಿದು ಫ್ರಿಜ್ ಒಳಗಿನ ಕೊಳವೆಗೆ ಬರುತ್ತೆ. ಅಲ್ಲಿ ಹೈಡ್ರೋಜನ್ ಇರೋದರಿಂದ ಅಮೋನಿಯಾದ ಪಾಲಿನ ಒತ್ತಡ ಕಡಿಮೆ. ಅದು ಆವಿಯಾಗುತ್ತೆ, ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತೆ. ಹಾಲು, ಮೊಸರು ತಣ್ಣಗೆ ಇರೋದು ಈ ಹಂತದಿಂದ. ಆಮೇಲೆ ಈ ಅನಿಲಗಳು ಸಣ್ಣ ಇಳಿಜಾರಿನ ಸುರುಳಿ ಕೊಳವೆಗೆ ಹೋಗ್ತವೆ. ಅಲ್ಲಿ ಜಿನುಗುವ ನೀರು ಅಮೋನಿಯಾವನ್ನ ಹೀರಿಕೊಂಡು, ಮತ್ತೆ ಇಳಿದು, ಬಾಯ್ಲರ್ ಸೇರುತ್ತೆ.

ಗಮನಿಸಿ. ಗುಳ್ಳೆ ಮೇಲೆ ಏರೋದು ಬಿಟ್ಟರೆ ಉಳಿದ ದ್ರವವೆಲ್ಲ ಹರಿಯೋದು ‘ಕೆಳಗೆ’ ಅನ್ನೋ ಒಂದೇ ದಿಕ್ಕನ್ನು ನಂಬಿ. ಕೊಳವೆಗಳ ಆ ಸಣ್ಣ ಇಳಿಜಾರನ್ನ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಬಾಗಿಸಿರ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪಂಪ್ ಅನ್ನೋ ಡಿಪೆಂಡೆನ್ಸಿ ತೆಗೆದರು, ಅದರ ಜಾಗದಲ್ಲಿ ‘ನೆಲ ಮಟ್ಟವಾಗಿರುತ್ತೆ’ ಅನ್ನೋ ಡಿಪೆಂಡೆನ್ಸಿ ಬಂತು. ಅಡುಗೆಮನೆಯ ಮೂಲೆಯಲ್ಲಿ ಇಟ್ಟ ಫ್ರಿಜ್‌ಗೆ ಅದು ಯಾರ ಕಣ್ಣಿಗೂ ಬೀಳದ ಷರತ್ತು. ಅದೇ ಫ್ರಿಜ್‌ಗೆ ಚಕ್ರ ಬಂದಾಗ ಷರತ್ತು ಎದುರಿಗೆ ಬಂದು ನಿಂತಿತು.

ಓಡುವಾಗ ಕ್ಷೇಮ, ನಿಂತಾಗ ಅಪಾಯ

ಕರೆಂಟ್ ಇಲ್ಲದ ಕಾಡಿನಲ್ಲೂ ಒಂದು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಓಡಿಸಬಹುದಾದ, ಸದ್ದಿಲ್ಲದ ಫ್ರಿಜ್. ಮೋಟರ್‌ಹೋಮ್‌ಗೆ ಇದಕ್ಕಿಂತ ಒಳ್ಳೇದು ಯಾವುದು? ಹಾಗಾಗಿ ಕ್ಯಾರವಾನ್ ಲೋಕದ ತುಂಬ ಇದೇ ಹರಡಿತು. ಜೊತೆಗೆ ಒಂದು ಎಚ್ಚರಿಕೆಯೂ ಹರಡಿತು. ಇಂಥ ಫ್ರಿಜ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣೋ ಮಿತಿ ಇದು: ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿಗಿಂತ ಜಾಸ್ತಿ ವಾಲಬಾರದು.

ಮಿತಿ ಮೀರಿದ್ರೆ ದ್ರವ ಕೊಳವೆಯ ಯಾವುದೋ ಬಾಗಿನಲ್ಲಿ ಕೆರೆಯಾಗಿ ನಿಲ್ಲುತ್ತೆ. ಬಾಯ್ಲರ್‌ಗೆ ವಾಪಸ್ ಬರೋದು ಕಡಿಮೆಯಾಗುತ್ತೆ. ಆದ್ರೆ ಕೆಳಗೆ ಉರಿ ಉರೀತಾನೇ ಇರುತ್ತೆ. ನೀರಿಲ್ಲದ ಪಾತ್ರೆಯನ್ನ ಒಲೆ ಮೇಲೆ ಮರೆತ ಹಾಗೆ. ಕೊಳವೆ ಒಳಗೆ ತುಕ್ಕು ಹಿಡಿಯದಿರಲಿ ಅಂತ ಬೆರೆಸಿರುವ ಸೋಡಿಯಂ ಕ್ರೋಮೇಟ್ ಅತಿ ಬಿಸಿಗೆ ಕೆಟ್ಟು ಗಟ್ಟಿಯಾಗಿ ಕೊಳವೆಯನ್ನೇ ಕಟ್ಟಿಬಿಡಬಹುದು. ಒಮ್ಮೆ ಕಟ್ಟಿತು ಅಂದ್ರೆ ಗಾಡಿಯನ್ನ ಮತ್ತೆ ಮಟ್ಟ ಮಾಡಿದ್ರೂ ಅದು ಬಿಡೋದಿಲ್ಲ, ಹಾನಿ ಶಾಶ್ವತ. ಕೊಳವೆ ಬಿರುಕು ಬಿಟ್ಟರೆ ಹೊರಬರೋದು ಅಮೋನಿಯಾ ಮತ್ತು ಹೈಡ್ರೋಜನ್, ಪಕ್ಕದಲ್ಲೇ ಗ್ಯಾಸ್ ಉರಿ. ಅಮೆರಿಕದಲ್ಲಿ ಬೆಂಕಿಯ ಅಪಾಯದ ಕಾರಣ ಮೋಟರ್‌ಹೋಮ್ ಫ್ರಿಜ್‌ಗಳನ್ನ ಕಂಪನಿಗಳು ವಾಪಸ್ ಕರೆಸಿಕೊಂಡು ಸರಿಪಡಿಸಿದ್ದೂ ಇದೆ.

ಇಲ್ಲೊಂದು ತಮಾಷೆ ಇದೆ. ಘಾಟ್ ರಸ್ತೆಯಲ್ಲಿ ಹತ್ತಿ ಇಳಿಯುವಾಗ ಗಾಡಿ ಇದಕ್ಕಿಂತ ಎಷ್ಟೋ ಜಾಸ್ತಿ ವಾಲುತ್ತೆ. ಆಗ ಫ್ರಿಜ್‌ಗೆ ಏನೂ ಆಗಲ್ವಾ? ಸಾಮಾನ್ಯವಾಗಿ ಆಗಲ್ಲ. ಯಾಕಂದ್ರೆ ಓಡುವಾಗ ವಾಲುವ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತೆ. ಒಂದು ಬಾಗಿನಲ್ಲಿ ನಿಂತ ದ್ರವ ಮುಂದಿನ ತಿರುವಿನಲ್ಲಿ ಬಿಡಿಸಿಕೊಂಡು ಹರಿಯುತ್ತೆ. ಒಂದೇ ಓರೆಯಲ್ಲಿ ಗಂಟೆಗಟ್ಟಲೆ ನಿಂತಾಗ ಮಾತ್ರ ತಪ್ಪು ಒಂದೇ ಕಡೆ ಸೇರುತ್ತಾ ಹೋಗುತ್ತೆ. ಚಲಿಸುವ ಗಾಡಿಗೆ ಓರೆ ಅನ್ನೋದು ಸದ್ದು, ನಿಂತ ಗಾಡಿಗೆ ಅದೇ ಓರೆ ರೋಗ. ಅದಕ್ಕೇ ಈ ಪ್ರಶ್ನೆ ಹುಟ್ಟೋದು ಪ್ರಯಾಣದಲ್ಲಲ್ಲ, ನಿಲ್ದಾಣದಲ್ಲಿ.

ಮಟ್ಟ ಅಂತ ಗೊತ್ತಾಗೋದು ಹೇಗೆ?

ಸರಿ, ಮಟ್ಟ ಬೇಕು. ಆದ್ರೆ ಮಟ್ಟ ಅಂತ ಹೇಳೋರು ಯಾರು? ಕಣ್ಣನ್ನ ನಂಬೋ ಹಾಗಿಲ್ಲ. ಸುತ್ತ ಬೆಟ್ಟ ಇದ್ದರೆ ಕಣ್ಣು ಮೋಸ ಹೋಗುತ್ತೆ. ಮನುಷ್ಯ ಇದಕ್ಕೆ ಕಂಡುಕೊಂಡ ಉತ್ತರಗಳು ಬಹಳ ಹಳೆಯವು, ಮತ್ತು ಮೂಲದಲ್ಲಿ ಎರಡೇ: ದಾರಕ್ಕೆ ಕಟ್ಟಿದ ಗುಂಡು, ಮತ್ತು ನಿಂತ ನೀರು.

ಈಜಿಪ್ಟಿನ ದೇರ್ ಎಲ್ ಮದೀನಾ ಅನ್ನೋ ಕುಶಲಕರ್ಮಿಗಳ ಊರಿನಲ್ಲಿ ಸೆನ್ನೆಜೆಮ್ ಎಂಬುವನ ಸಮಾಧಿ ಇದೆ. ಮೂರು ಸಾವಿರ ವರ್ಷಕ್ಕೂ ಹಿಂದಿನದು. ಅಲ್ಲಿ ಸಿಕ್ಕ ಉಪಕರಣಗಳಲ್ಲಿ ಒಂದು, ಮರದ ಎರಡು ಕಾಲು, ನಡುವೆ ಅಡ್ಡಪಟ್ಟಿ, ತುದಿಯಿಂದ ಇಳಿಬಿಟ್ಟ ಗುಂಡು. ದಾರ ಅಡ್ಡಪಟ್ಟಿಯ ನಡುಗುರುತಿನ ಮೇಲೆ ಬಂದ್ರೆ ಎರಡು ಕಾಲು ನಿಂತ ಜಾಗ ಮಟ್ಟ. ಅದಕ್ಕೂ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಕಟ್ಟಿದ ಗೀಝಾದ ದೊಡ್ಡ ಪಿರಮಿಡ್ಡಿನ ತಳ ಒಂದೊಂದು ಬದಿ ಸುಮಾರು 230 ಮೀಟರ್, ಆದ್ರೆ ಮಟ್ಟದ ವ್ಯತ್ಯಾಸ ಹೆಚ್ಚುಕಡಿಮೆ 2 ಸೆಂಟಿಮೀಟರ್ ಅಷ್ಟೇ. ಗುಂಡಿನಿಂದ ಮಾಡಿದರಾ, ನೀರಿನ ಕಾಲುವೆ ತೆಗೆದು ಮಾಡಿದರಾ ಅನ್ನೋದರ ಬಗ್ಗೆ ವಿದ್ವಾಂಸರು ಇನ್ನೂ ವಾದ ಮಾಡ್ತಿದಾರೆ.

ರೋಮನ್ನರ ಹತ್ತಿರ ‘ಕೊರೊಬೇಟಸ್’ ಅಂತ ಒಂದು ಸಾಧನ ಇತ್ತು. ಕ್ರಿಸ್ತಪೂರ್ವ ಮೊದಲನೇ ಶತಮಾನದ ವಿಟ್ರೂವಿಯಸ್ ಅದನ್ನ ವಿವರಿಸ್ತಾನೆ. 20 ಅಡಿ ಉದ್ದದ ಮರದ ಮೇಜು, ತುದಿಗಳಲ್ಲಿ ಗುಂಡು ಕಟ್ಟಿದ ದಾರ. ಗಾಳಿ ಬೀಸಿ ದಾರ ಅಲ್ಲಾಡಿದ್ರೆ? ಅದಕ್ಕೆ ಮೇಜಿನ ಮೇಲೆ 5 ಅಡಿ ಉದ್ದದ ಕಾಲುವೆ, ಅದರಲ್ಲಿ ನೀರು. ಒಂದು ಸೆನ್ಸರ್ ಕೈಕೊಟ್ಟರೆ ಇನ್ನೊಂದು, ಎರಡು ಸಾವಿರ ವರ್ಷದ ಹಿಂದೆಯೇ. ವಿಟ್ರೂವಿಯಸ್ ಒಂದು ಆಕ್ಷೇಪವನ್ನೂ ತಾನೇ ಎತ್ತುತ್ತಾನೆ: ನೀರಿನ ಮೇಲ್ಮೈ ಚಪ್ಪಟೆ ಅಲ್ಲ, ಭೂಮಿಯ ಜೊತೆ ಬಾಗಿರುತ್ತೆ ಅಂತ ಆರ್ಕಿಮಿಡೀಸ್ ಓದಿದವರು ಹೇಳಬಹುದಲ್ಲ? ಬಾಗಿದ್ದರೂ ಎರಡು ತುದಿ ಸಮ ಇದ್ದರೆ ಸಾಕು ಅನ್ನೋದು ಅವನ ಉತ್ತರ. ನಮ್ಮ ಲೆಕ್ಕಕ್ಕೆ, ಎಂಟು ಮೀಟರ್ ಉದ್ದದ ಮೋಟರ್‌ಹೋಮ್‌ನ ಒಂದು ತುದಿಯಿಂದ ಇನ್ನೊಂದಕ್ಕೆ ಭೂಮಿಯ ಬಾಗು ಸುಮಾರು 5 ಮೈಕ್ರೋಮೀಟರ್. ಕೂದಲೆಳೆಗಿಂತ ಎಷ್ಟೋ ಕಡಿಮೆ. ಚಿಂತೆ ಬೇಡ.

ಈ ಗುಂಡು ನೀವಿರೋ ಊರುಗಳಲ್ಲಿ ಇವತ್ತಿಗೂ ಕೆಲಸದಲ್ಲಿದೆ. ನಮ್ಮ ಮೇಸ್ತ್ರಿಗಳು ತೂಗುಗುಂಡು ಅಂತಾರೆ. ಮರಾಠಿಯಲ್ಲಿ ಓಳಂಬಾ, ಹಿಂದಿಯಲ್ಲಿ ಸಾಹುಲ್. ಪುಣೆಯಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಪಕ್ಕ ಕಟ್ಟಡ ಏಳ್ತಾ ಇದ್ರೆ ಒಮ್ಮೆ ನೋಡಿ. ನೆಲದ ಮಟ್ಟ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸೋಕೆ ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದಿರ್ತಾರೆ. ಕೊರೊಬೇಟಸ್‌ನ ಕಾಲುವೆಯ ನೀರೇ ಪೈಪಿನೊಳಗೆ ಸೇರಿದೆ ಅಷ್ಟೆ.

ಪ್ಯಾರಿಸ್‌ನ ಗುಳ್ಳೆ

ಗುಂಡಿಗೆ ಗಾಳಿಯ ಕಾಟ, ತೆರೆದ ನೀರಿಗೆ ಚೆಲ್ಲುವ ಕಾಟ. ಎರಡಕ್ಕೂ ಪರಿಹಾರ ಬಂದದ್ದು 1661ರ ಸುಮಾರಿಗೆ, ಪ್ಯಾರಿಸ್‌ನಲ್ಲಿ. ಮೆಲ್ಕಿಸೆದೆಕ್ ತೆವೆನೊ ಅನ್ನೋ ಶ್ರೀಮಂತ ವಿದ್ವಾಂಸ ಗಾಜಿನ ಕೊಳವೆಯಲ್ಲಿ ದ್ರವ ತುಂಬಿ, ಸ್ವಲ್ಪ ಗಾಳಿ ಬಿಟ್ಟು, ಎರಡೂ ಕಡೆ ಮುಚ್ಚಿದ. ಒಳಗಿನ ಗುಳ್ಳೆ ಯಾವತ್ತೂ ಎತ್ತರದ ಜಾಗ ಹುಡುಕುತ್ತೆ. ದ್ರವ ಆಲ್ಕೋಹಾಲ್ ಆದ್ರೆ ಚಳಿಗೆ ಹೆಪ್ಪುಗಟ್ಟಲ್ಲ, ಗುಳ್ಳೆ ಗಾಜಿಗೆ ಅಂಟಿ ತಡವರಿಸೋದೂ ಕಡಿಮೆ. ಇಂಗ್ಲಿಷಿನಲ್ಲಿ ‘ಸ್ಪಿರಿಟ್ ಲೆವೆಲ್’ ಅನ್ನೋ ಹೆಸರು ಬಂದದ್ದು ಆ ಆಲ್ಕೋಹಾಲಿನಿಂದ. ನಾವು ಮಟ್ಟಗೋಲು ಅಂತೀವಿ, ಚೆನ್ನೈನಲ್ಲಿ ರಸಮಟ್ಟಂ, ಮರಾಠಿಯಲ್ಲಿ ಪಾಣಸಳ್. ಹೊಸದಾಗಿ ಬಂದ ಉಪಕರಣಕ್ಕೆ ಪ್ರತಿ ಭಾಷೆಯ ಕೆಲಸಗಾರರೂ ತಮ್ಮದೇ ಹೆಸರು ಕೊಟ್ಟುಕೊಂಡರು.

ತೆವೆನೊ ಪೂರ್ತಿ ಸ್ವಾರಸ್ಯದ ಮನುಷ್ಯ. ಪ್ರವಾಸ ಕಥನಗಳನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ, ಈಜು ಕಲಿಸೋ ಪುಸ್ತಕ ಬರೆದ, ಕೊನೆಗೆ ಫ್ರಾನ್ಸ್ ರಾಜನ ಗ್ರಂಥಾಲಯ ನೋಡಿಕೊಂಡ. ಅವನ ಸಂಬಂಧಿ ಹುಡುಗ ಝಾನ್ ದ ತೆವೆನೊ ಇನ್ನೂ ಒಂದು ಹೆಜ್ಜೆ ಮುಂದೆ. ಅವನು 1666ರಲ್ಲಿ ಸೂರತ್‌ಗೆ ಬಂದಿಳಿದು, ಗೋಲ್ಕೊಂಡ, ಹೈದರಾಬಾದ್ ತನಕ ಓಡಾಡಿ, 1667ರಲ್ಲಿ ವಾಪಸ್ ಹೋಗುವ ದಾರಿಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡ. ಅವನ ಬರಹ ಆ ಕಾಲದ ದಖ್ಖನ್ ಬಗ್ಗೆ ಇತಿಹಾಸಕಾರರು ಇವತ್ತಿಗೂ ನೋಡುವ ಆಕರ.

ಗುಳ್ಳೆ ಕೆಲಸ ಮಾಡೋದು ಕೊಳವೆ ನೇರ ಇದ್ದಾಗಲ್ಲ. ಒಳಮೈ ಮೇಲ್ಮುಖವಾಗಿ ಸ್ವಲ್ಪ ಬಾಗಿರಬೇಕು, ದೊಡ್ಡ ವೃತ್ತದ ಒಂದು ಚೂರಿನ ಹಾಗೆ. ಆ ವೃತ್ತದ ತ್ರಿಜ್ಯವೇ ಸೂಕ್ಷ್ಮತೆ. ತ್ರಿಜ್ಯ 1 ಮೀಟರ್ ಇದ್ರೆ, 1 ಡಿಗ್ರಿ ವಾಲಿದಾಗ ಗುಳ್ಳೆ ಸುಮಾರು 17 ಮಿಲಿಮೀಟರ್ ಸರಿಯುತ್ತೆ. ಸರ್ವೆ ಉಪಕರಣಗಳ ನಾಜೂಕು ಕೊಳವೆಗಳಲ್ಲಿ ಇದು 20 ಮೀಟರ್ ದಾಟುತ್ತೆ. ಅಂದ್ರೆ ಬೆರಳುದ್ದದ ಗಾಜಿನ ಕೊಳವೆಯೊಳಗೆ ಆರೇಳು ಮಹಡಿ ಎತ್ತರದಷ್ಟು ತ್ರಿಜ್ಯವಿರುವ ವೃತ್ತದ ಒಂದು ಚೂರು ಕೂತಿದೆ. ಮೋಟರ್‌ಹೋಮ್‌ಗೆ ಅಷ್ಟೆಲ್ಲ ಬೇಡ. ಅರ್ಧ ಡಿಗ್ರಿ ಗೊತ್ತಾದ್ರೆ ಧಾರಾಳ.

ಇದರ ಇನ್ನೊಂದು ಗುಣ ನಮ್ಮಂಥವರಿಗೆ ಇಷ್ಟವಾಗಬೇಕು. ಮಟ್ಟಗೋಲು ಸರಿ ಇದೆಯಾ ಅಂತ ನೋಡೋಕೆ ಇನ್ನೊಂದು ಸರಿಯಾದ ಮಟ್ಟಗೋಲು ಬೇಕಿಲ್ಲ. ಅದೇ ಜಾಗದಲ್ಲಿ ಅದನ್ನ ತಿರುಗಿಸಿ, ಎಡತುದಿ ಬಲಕ್ಕೆ ಬರೋ ಹಾಗೆ ಇಡಿ. ಗುಳ್ಳೆ ಎರಡೂ ಸಲ ಒಂದೇ ಕಡೆಯ ಗೋಡೆಯತ್ತ ಸರಿದರೆ ತಪ್ಪು ನೆಲದ್ದು. ಗುಳ್ಳೆಯೂ ಉಪಕರಣದ ಜೊತೆ ತಿರುಗಿದರೆ ತಪ್ಪು ಉಪಕರಣದ್ದು. ಗಾಡಿಗೆ ಅಂಟಿಸಿರೋ ಗುಳ್ಳೆಯನ್ನ ಮಾತ್ರ ಹೀಗೆ ತಿರುಗಿಸೋಕೆ ಆಗಲ್ಲ. ಅದಕ್ಕೇ ಒಮ್ಮೆ ಫ್ರಿಜ್ ಒಳಗಿನ ತಟ್ಟೆಯ ಮೇಲೆ ಬಿಡಿ ಮಟ್ಟಗೋಲಿಟ್ಟು, ಎರಡನ್ನೂ ತಾಳೆ ನೋಡೋದು ಒಳ್ಳೇದು ಅಂತ ಹೇಳೋದು. ಮಟ್ಟ ಬೇಕಾಗಿರೋದು ಡ್ಯಾಶ್‌ಬೋರ್ಡಿಗಲ್ಲ, ಫ್ರಿಜ್‌ಗೆ.

ಬೆಂಗಳೂರು ಬಯಲಿನ ಸರಪಳಿ

ಗುಳ್ಳೆ ನಮ್ಮೂರಿಗೆ ದೊಡ್ಡ ಕೆಲಸಕ್ಕೆ ಬಂದದ್ದು ಟಿಪ್ಪು ಮಡಿದ ಮರುವರ್ಷ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋ ಸೇನಾ ಅಧಿಕಾರಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಸರಳರೇಖೆ ಅಳೆದ. ಅಳೆದ ಉಕ್ಕಿನ ಸರಪಳಿ ನೂರು ಅಡಿಯದು. ಮೂಲದಲ್ಲಿ ಚೀನಾದ ಚಕ್ರವರ್ತಿಗೆ ಕೊಡೋಕೆ ಒಯ್ದಿದ್ದ ಕಾಣಿಕೆಗಳಲ್ಲಿ ಒಂದು, ಅಲ್ಲಿ ಬೇಡ ಅಂದಮೇಲೆ ಭಾರತಕ್ಕೆ ಬಂತು. 1802ರಲ್ಲಿ ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ರೇಖೆ, 1804ರಲ್ಲಿ ಪರೀಕ್ಷೆಗಾಗಿ ಮತ್ತೆ ಬೆಂಗಳೂರಿನಲ್ಲಿ. ಭಾರತದ ಮಹಾ ತ್ರಿಕೋನಮಿತಿ ಸರ್ವೆ ಶುರುವಾದದ್ದು ಹೀಗೆ.

ಇಲ್ಲೂ ಇದ್ದ ತೊಂದರೆ ಅದೇ, ನೆಲ ಮಟ್ಟ ಇಲ್ಲ. ಸರಪಳಿಯನ್ನ ನೆಲಕ್ಕೆ ತಾಗದ ಹಾಗೆ ಮರದ ತೊಟ್ಟಿಗಳಲ್ಲಿ ಹಾಸಿ, ಆಧಾರ ಕೊಟ್ಟು ಎತ್ತಿ, ಓರೆ ಇದ್ದ ಕಡೆ ಓರೆಯ ಕೋನ ಅಳೆದು ಲೆಕ್ಕದಲ್ಲಿ ಮಟ್ಟದ ಉದ್ದಕ್ಕೆ ಇಳಿಸುತ್ತಿದ್ದರು. ಕೋನ ಅಳೆಯಲು ಬಂದ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ ತೂಕ. ಲಂಡನ್ನಿನಿಂದ ಬರುವಾಗ ಹಡಗು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿ, ಆಮೇಲೆ ಮದ್ರಾಸ್ ತಲುಪಿತು. ಅಷ್ಟು ಭಾರದ ಯಂತ್ರವೂ ಪ್ರತಿ ಬೆಟ್ಟದ ಮೇಲೆ ಮೊದಲು ಗುಳ್ಳೆ ನೋಡಿ ಮಟ್ಟ ಆಗಬೇಕು. ಆಮೇಲಷ್ಟೇ ಕೆಲಸ.

ಸಿವಿಲ್ ಓದಿದವರಿಗೆ ಸರ್ವೆ ಲ್ಯಾಬ್ ನೆನಪಿರಬೇಕು. ಕೆಳಗೆ ಮೂರು ಸ್ಕ್ರೂ. ಗುಳ್ಳೆಯನ್ನ ಎರಡು ಸ್ಕ್ರೂಗಳ ಸಾಲಿಗೆ ಇಟ್ಟು, ಎರಡನ್ನೂ ಒಟ್ಟಿಗೆ ತಿರುಗಿಸಿ ನಡುವೆ ತರ್ತೀರಿ. ಆಮೇಲೆ 90 ಡಿಗ್ರಿ ತಿರುಗಿಸಿ ಮೂರನೇ ಸ್ಕ್ರೂ ಒಂದರಿಂದಲೇ ಸರಿಮಾಡ್ತೀರಿ. ಒಂದು ದಿಕ್ಕು ಮುಗಿಸಿ ಇನ್ನೊಂದು ದಿಕ್ಕು. ಇದೇ ಕ್ರಮ ಮೋಟರ್‌ಹೋಮ್‌ಗೂ. ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ.

ಇದೇ ಸರ್ವೆ ಇನ್ನೊಂದು ವಿಚಿತ್ರವನ್ನೂ ಎತ್ತಿ ತೋರಿಸಿತು. ದೆಹಲಿಯ ಉತ್ತರಕ್ಕಿರುವ ಕಲಿಯಾನಾ ಮತ್ತು ಮಧ್ಯಭಾರತದ ಕಲಿಯಾನ್‌ಪುರ್ ನಡುವಿನ ಅಂತರವನ್ನ ನೆಲದ ಮೇಲೆ ಅಳೆದಾಗ ಬಂದದ್ದಕ್ಕೂ ನಕ್ಷತ್ರ ನೋಡಿ ಲೆಕ್ಕ ಹಾಕಿದಾಗ ಬಂದದ್ದಕ್ಕೂ ಐದು ಆರ್ಕ್‌ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಹಿಮಾಲಯದ ರಾಶಿ ತೂಗುಗುಂಡನ್ನ ತನ್ನತ್ತ ಎಳೆಯುತ್ತಿದೆ ಅಂತ ಕೋಲ್ಕತ್ತಾದ ಜಾನ್ ಪ್ರಾಟ್ ಲೆಕ್ಕ ಹಾಕಿದ. ಅವನ ಲೆಕ್ಕದ ಪ್ರಕಾರ ಎಳೆತ ಕಂಡದ್ದಕ್ಕಿಂತ ಮೂರು ಪಟ್ಟು ಇರಬೇಕಿತ್ತು. ಬೆಟ್ಟಗಳ ಬುಡದಲ್ಲಿ ಹಗುರ ಕಲ್ಲಿನ ಬೇರುಗಳಿವೆ ಅಂತ 1855ರಲ್ಲಿ ಜಾರ್ಜ್ ಐರಿ ವಿವರಿಸಿದ. ‘ಕೆಳಗೆ’ ಅನ್ನೋದು ಕೂಡ ಊರಿಂದ ಊರಿಗೆ ಕೂದಲೆಳೆಯಷ್ಟು ಬದಲಾಗುತ್ತೆ ಅಂತಾಯ್ತು.

ಎತ್ತೋದು ಹೇಗೆ?

ಅಳೆದಾಯ್ತು, ಈಗ ಎತ್ತಬೇಕು. ಎಷ್ಟು? ಎಡಬಲ ಚಕ್ರಗಳ ನಡುವೆ 1.8 ಮೀಟರ್ ಇದ್ರೆ, 1 ಡಿಗ್ರಿ ಓರೆಗೆ ಸುಮಾರು 3 ಸೆಂಟಿಮೀಟರ್, 3 ಡಿಗ್ರಿಗೆ ಒಂಬತ್ತೂವರೆ. ಉದ್ದಕ್ಕೆ ಮುಂದಿನ ಹಿಂದಿನ ಚಕ್ರಗಳ ನಡುವೆ 4 ಮೀಟರ್ ಇದ್ರೆ, 3 ಡಿಗ್ರಿಗೆ 21 ಸೆಂಟಿಮೀಟರ್. ಹಾಗಾಗಿ ಅಡ್ಡ ಓರೆಯನ್ನ ಹಲಗೆಯಿಂದ ಸರಿಮಾಡಬಹುದು, ಉದ್ದದ ಓರೆ ಜಾಸ್ತಿ ಇದ್ರೆ ಜಾಗ ಬದಲಿಸೋದೇ ಸರಿ.

ಅತಿ ಹಳೆಯ ಉಪಾಯ ಬೆಣೆ ಮತ್ತು ಹಲಗೆ. ತಗ್ಗಿನ ಕಡೆಯ ಚಕ್ರದ ಮುಂದೆ ಮೆಟ್ಟಿಲಿನಂಥ ಬೆಣೆ ಇಟ್ಟು ನಿಧಾನವಾಗಿ ಗಾಡಿ ಹತ್ತಿಸೋದು. ಇವತ್ತಿನ ಹಳದಿ ಪ್ಲಾಸ್ಟಿಕ್ ರ‍್ಯಾಂಪ್ ಕೂಡ ಇದೇ. ಎರಡನೇದು ಹೈಡ್ರಾಲಿಕ್ ಜಾಕ್. ಮುಚ್ಚಿದ ದ್ರವದ ಒಂದು ಕಡೆ ಒತ್ತಿದ್ರೆ ಎಲ್ಲಾ ಕಡೆ ಅದೇ ಒತ್ತಡ ಹರಡುತ್ತೆ ಅನ್ನೋ ಬ್ಲೇಸ್ ಪಾಸ್ಕಲ್‌ನ ಪುಸ್ತಕ ಅವನು ಸತ್ತ ಮರುವರ್ಷ, 1663ರಲ್ಲಿ, ಪ್ಯಾರಿಸ್‌ನಲ್ಲೇ ಅಚ್ಚಾಯಿತು. ಅಂದ್ರೆ ಮಟ್ಟ ತಿಳಿಸೋ ಗುಳ್ಳೆ ಮತ್ತು ಗಾಡಿ ಎತ್ತೋ ಸೂತ್ರ ಎರಡೂ ಒಂದೇ ಊರಿನಲ್ಲಿ, ಎರಡು ವರ್ಷದ ಅಂತರದಲ್ಲಿ. ಅದನ್ನ ಯಂತ್ರವಾಗಿಸಿದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, ಅವನ ಹೈಡ್ರಾಲಿಕ್ ಪ್ರೆಸ್‌ನ ಪೇಟೆಂಟ್ 1795ರದು. ಇವತ್ತು ದೊಡ್ಡ ಮೋಟರ್‌ಹೋಮ್ ಗುಂಡಿ ಒತ್ತಿದ್ರೆ ನಾಲ್ಕು ಕಾಲೂರಿ ತಾನೇ ಮಟ್ಟವಾಗೋದು ಈ ಸೂತ್ರದ ಮೇಲೆ.

ನಾಲ್ಕು ಕಾಲಿಗೆ ಒಂದು ತೊಡಕಿದೆ. ಮೂರು ಬಿಂದು ಯಾವತ್ತೂ ಒಂದು ಸಮತಲದಲ್ಲಿರ್ತವೆ, ನಾಲ್ಕನೇದು ಇರಲೇಬೇಕು ಅಂತಿಲ್ಲ. ಮೂರು ಕಾಲಿನ ಸ್ಟೂಲ್ ಕುಂಟಲ್ಲ, ನಾಲ್ಕು ಕಾಲಿನ ಕುರ್ಚಿ ಕುಂಟುತ್ತೆ. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ವಾಷಿಂಗ್ ಮೆಷಿನ್ ಕಥೆ ಗೊತ್ತಲ್ಲ? ಟೆಕ್ನಿಷಿಯನ್ ಬಂದು ಕಾಲು ತಿರುಗಿಸಿ, ಮೇಲೆ ಮಟ್ಟಗೋಲಿಟ್ಟು, ನಟ್ ಬಿಗಿ ಮಾಡಿ ಹೋಗ್ತಾನೆ. ಹಾಗೆ ಮಾಡದಿದ್ರೆ ಸ್ಪಿನ್ ಆಗುವಾಗ ಮೆಷಿನ್ ನಡೆದುಕೊಂಡು ಬಾತ್‌ರೂಮಿನಿಂದ ಹೊರಬರುತ್ತೆ. ಮೋಟರ್‌ಹೋಮ್‌ನಲ್ಲಿ ಒಂದೇ ಮೂಲೆಯ ಕಾಲನ್ನ ಜೋರಾಗಿ ಎತ್ತಿದ್ರೆ ಚಾಸಿಯೇ ತಿರುಚಿಕೊಂಡು ಗಾಜು, ಬಾಗಿಲು ಚೌಕಟ್ಟಿಗೆ ಪೆಟ್ಟು ಬೀಳಬಹುದು. ಅದಕ್ಕೇ ಜೋಡಿ ಜೋಡಿಯಾಗಿ ಎತ್ತೋದು.

ಜೀವಕ್ಕೆ ಸಂಬಂಧಿಸಿದ ಎರಡು ಮಾತು ಇಲ್ಲೇ ಹೇಳ್ತೀನಿ, ಬಾಡಿಗೆಗೆ ತಗೊಂಡು ಹೋಗುವವರು ನೆನಪಿಡಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನ ಹಿಡಿಯುತ್ತೆ. ಮಟ್ಟ ಮಾಡುವ ಭರದಲ್ಲಿ ಹಿಂದಿನ ಚಕ್ರಗಳನ್ನ ನೆಲದಿಂದ ಪೂರ್ತಿ ಎತ್ತಿಬಿಟ್ಟರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಇಳಿಜಾರಿನಲ್ಲಿ ಗಾಡಿ ಜಾಕ್‌ಗಳಿಂದ ಜಾರಿ ಹೋಗಬಹುದು. ಮೊದಲು ಚಕ್ರಕ್ಕೆ ಅಡ್ಡ ಕೊಡಿ, ಆಮೇಲೆ ಜಾಕ್ ಮುಟ್ಟಿ. ಘಾಟ್‌ನಲ್ಲಿ ಲಾರಿ ನಿಂತ ತಕ್ಷಣ ಕ್ಲೀನರ್ ಕಲ್ಲು ಹಿಡಿದು ಓಡ್ತಾನಲ್ಲ, ಅವನಿಗೆ ಗೊತ್ತಿರೋ ಪಾಠ ಇದು. ಎರಡನೇದು, ಕ್ಯಾರವಾನ್ ಮೂಲೆಗಳಲ್ಲಿರೋ ತೆಳು ಕಾಲುಗಳು ಬಹಳಷ್ಟು ಸಲ ಅಲುಗಾಡದಿರಲಿ ಅಂತ ಕೊಟ್ಟ ಊರುಗೋಲು ಮಾತ್ರ. ಗಾಡಿಯ ಭಾರ ಎತ್ತೋಕಲ್ಲ. ಅದರ ಕೆಳಗೆ ತಲೆ ಹಾಕಬೇಡಿ.

ಜೇಬಿನಲ್ಲಿರೋ ಗುಂಡು

ಇವತ್ತು ಮಟ್ಟ ನೋಡೋಕೆ ಫೋನ್ ಸಾಕು. ಒಳಗಿನ ಚಿಪ್‌ನಲ್ಲಿ ಸಿಲಿಕಾನ್ ಸ್ಪ್ರಿಂಗಿಗೆ ತೂಗುಹಾಕಿದ ಕಣ್ಣಿಗೆ ಕಾಣದಷ್ಟು ಸಣ್ಣ ತೂಕ ಇದೆ. ಅದು ಸರಿದಾಗ ಕೆಪ್ಯಾಸಿಟೆನ್ಸ್ ಬದಲಾಗುತ್ತೆ, ಆ ಬದಲಾವಣೆಯಿಂದ ಕೋನ ಸಿಗುತ್ತೆ. ಇಂಥ ಚಿಪ್‌ಗಳು 1990ರ ದಶಕದ ಆರಂಭದಲ್ಲಿ ಕಾರುಗಳ ಏರ್‌ಬ್ಯಾಗ್‌ಗಾಗಿ ದೊಡ್ಡ ಪ್ರಮಾಣದಲ್ಲಿ ತಯಾರಾಗೋಕೆ ಶುರುವಾದವು. ಸೆನ್ನೆಜೆಮ್‌ನ ಗುಂಡೇ ಸಣ್ಣದಾಗಿ ಜೇಬಿಗೆ ಬಂದಿದೆ. ತಾನೇ ಮಟ್ಟವಾಗುವ ಮೋಟರ್‌ಹೋಮ್‌ಗಳಲ್ಲೂ ಇದೇ ಜಾತಿಯ ಸೆನ್ಸರ್.

ಆದ್ರೆ ಇದೂ ನಿಂತಾಗಲೇ ನಂಬಬಹುದಾದ ಸಾಧನ. ಗಾಡಿ ವೇಗ ಹೆಚ್ಚಿಸಿದಾಗ ಆಗೋ ಎಳೆತ ಮತ್ತು ಭೂಮಿಯ ಎಳೆತ, ಎರಡನ್ನೂ ಬೇರೆ ಮಾಡೋಕೆ ಆ ಪುಟ್ಟ ತೂಕಕ್ಕೆ ಆಗಲ್ಲ. 1907ರಲ್ಲಿ ಐನ್‌ಸ್ಟೈನ್ ಹೊಳೆಸಿಕೊಂಡ ಮಾತು ಇದೇ: ಮುಚ್ಚಿದ ಪೆಟ್ಟಿಗೆಯೊಳಗೆ ಇರುವವನಿಗೆ ಅವೆರಡೂ ಒಂದೇ. ಅದೇ ಐನ್‌ಸ್ಟೈನ್ ಬರ್ಲಿನ್‌ನಲ್ಲಿದ್ದಾಗ, ಫ್ರಿಜ್‌ನಿಂದ ಸೋರಿದ ವಿಷಾನಿಲಕ್ಕೆ ಒಂದು ಕುಟುಂಬ ಬಲಿಯಾದ ಸುದ್ದಿ ಓದಿ, ಲಿಯೊ ಸಿಲಾರ್ಡ್ ಜೊತೆ ಸೇರಿ ಚಲಿಸುವ ಭಾಗಗಳಿಲ್ಲದ ಫ್ರಿಜ್‌ಗಳನ್ನ ವಿನ್ಯಾಸ ಮಾಡಿದ. 1930ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದು ಅಂಗಡಿಗೆ ಬರಲೇ ಇಲ್ಲ.

ಪ್ಲಾಟೆನ್–ಮುಂಟೆರ್ಸ್ ಫ್ರಿಜ್‌ನ ಕಾಲವೂ ಈಗ ಇಳಿಮುಖ. ಲಿಥಿಯಂ ಬ್ಯಾಟರಿ, ಸೋಲಾರ್ ಪ್ಯಾನೆಲ್ ಬಂದಮೇಲೆ ಹೊಸ ಮೋಟರ್‌ಹೋಮ್‌ಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್‌ಗಳು ಹೆಚ್ಚುತ್ತಿವೆ. ಅವುಗಳಲ್ಲಿ ದ್ರವವನ್ನ ತಳ್ಳೋಕೆ ಪಂಪ್ ಇದೆ, ಹಾಗಾಗಿ ಸಣ್ಣಪುಟ್ಟ ಓರೆಗೆ ಅವು ಹೆದರಲ್ಲ. ತಮಾಷೆ ನೋಡಿ, 1922ರಲ್ಲಿ ತೆಗೆದುಹಾಕಿದ ಪಂಪ್ ನೂರು ವರ್ಷಕ್ಕೆ ವಾಪಸ್ ಬಂತು.

ಹಾಗಾದ್ರೆ ಮಟ್ಟ ಮಾಡೋ ಕೆಲಸ ಮುಗೀತಾ? ಇಲ್ಲ. ಸಿಂಕಿನ ನೀರು ಹರಿಯೋಕೆ, ಒಲೆಯ ಮೇಲಿನ ಪಾತ್ರೆ ಕೂರೋಕೆ, ಮಲಗಿದವರ ರಕ್ತ ತಲೆಗೆ ಇಳಿಯದಿರೋಕೆ ಅದು ಇನ್ನೂ ಬೇಕು. ಮನೆ ಅಂದ್ರೆ ನೀರು ತನ್ನ ಪಾಡಿಗೆ ಮೋರಿಗೆ ಹೋಗುವ ಜಾಗ, ಬಾಗಿಲು ಬಿಟ್ಟ ಕಡೆ ನಿಲ್ಲುವ ಜಾಗ. ಕಟ್ಟಿದ ಮನೆಯಲ್ಲಿ ಆ ಕೆಲಸವನ್ನ ಯಾರೋ ಮೇಸ್ತ್ರಿ ನಾವು ಹುಟ್ಟೋ ಮೊದಲೇ ಮುಗಿಸಿರ್ತಾನೆ, ಅದಕ್ಕೇ ನಮಗೆ ಅದು ಕಾಣೋದಿಲ್ಲ. ಊರಿಂದ ಊರಿಗೆ ಹೋಗುವ ಮನೆಯಲ್ಲಿ ಪ್ರತಿ ಸಂಜೆ ಅದನ್ನ ನಾವೇ ಮಾಡಬೇಕು. ಊರು ಬಿಟ್ಟು ಊರಿಗೆ ಬಂದು, ಹನ್ನೊಂದು ತಿಂಗಳ ಅಗ್ರಿಮೆಂಟಿಗೊಮ್ಮೆ ಫ್ರಿಜ್, ಮೆಷಿನ್ ಹೊತ್ತು ಮನೆ ಬದಲಿಸುವವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ ಅಂದ್ಕೊಳ್ತೀನಿ.

ನಿಮ್ಮೂರಿನ ಮೇಸ್ತ್ರಿಗಳು ಮಟ್ಟಗೋಲಿಗೆ, ತೂಗುಗುಂಡಿಗೆ ಬೇರೆ ಹೆಸರು ಹೇಳೋದಿದ್ರೆ ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.